ಮೂವರ ಆಫ್‌ಸೈಡ್ ಕಾಲದ ಗೋಲುಗಾರ

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹೆಸರು ಮಾಡಿದ ಡರ್ಬಿ ಕೌಂಟಿ ಫುಟ್‌ಬಾಲ್ ತಂಡದ ಸ್ಟೀವ್ ಬ್ಲೂಮರ್ ಅವರು ಇಂಗ್ಲೆಂಡ್ ಪರ 23 ಪಂದ್ಯಗಳಲ್ಲಿ 28 ಗೋಲು ಹೊಡೆದರೆಂದು ಓದಿದ್ದೇನೆ. ಆಗ ಗೋಲು ಹೊಡೆಯುವುದು ಅಷ್ಟು ಸುಲಭವಾಗಿತ್ತೆ? ಇಂಥವರಿಗೆ ಇಂಗ್ಲೆಂಡಿನ ರಾಷ್ಟ್ರೀಯ ಕಪ್ ಆದ ಎಫ್.ಎ. ಕಪ್ ಏಕೆ ದಕ್ಕಲಿಲ್ಲ?

ಉತ್ತರ: ಸುಲಭವಾಗಿತ್ತು ಎನ್ನುವವರು ಅಂದಿನ ಆಫ್‌ಸೈಡ್ ನಿಯಮವನ್ನು ಮರೆತಿರುತ್ತಾರೆ. ಸಹ ಆಟಗಾರ ಮುಂದಕ್ಕೆ ಚೆಂಡು ಒದೆಯುವ ಕ್ಷಣದಲ್ಲಿ, ಅದನ್ನು ಪಡೆಯುವವನಿಗೂ ಗೋಲು ಗೆರೆಗೂ ನಡುವೆ ಇಂದಿನಂತೆ ಇಬ್ಬರಲ್ಲ, ಮೂವರು ಎದುರಾಳಿಗಳು ಇರಲೇಬೇಕಿತ್ತು; ಇಲ್ಲದಿದ್ದರೆ ಅವನು ಆಫ್‌ಸೈಡ್, ಚೆಂಡು ಎದುರಾಳಿಯ ಪಾಲು. ಈ ನಿಯಮ ಸಡಿಲಗೊಂಡದ್ದು 1925ರಲ್ಲಿ. ಗೋಲಿನ ಮುಂದೆ ಕಾವಲಿರುವ ಇಬ್ಬರು ಬ್ಯಾಕ್‌ಗಳಲ್ಲಿ ಒಬ್ಬ ನಾಲ್ಕು ಹೆಜ್ಜೆ ಮುಂದೆ ಸರಿದರೆ ಸಾಕು, ಅವನ ಹಿಂದೆ ಇನ್ನೊಬ್ಬ ಬ್ಯಾಕ್ ಮತ್ತು ಗೋಲ್‌ಕೀಪರ್ ಇದ್ದರೂ, ಅವನನ್ನು ದಾಟಿ ನಿಂತವನು ಆಫ್‌ಸೈಡ್. ಹಾಗಾಗಿ ಗೋಲಿನ ಬಾಯಲ್ಲಿ ಕಾದು ನಿಲ್ಲುವ ಆಟ ನಡೆಯುತ್ತಿರಲಿಲ್ಲ. ಹಿಂದಿನಿಂದ ಓಡಿ ಬಂದು, ಸಿಕ್ಕ ಅರೆಗಳಿಗೆಯಲ್ಲಿ ಹೊಡೆಯಬೇಕಿತ್ತು. ಇನ್‌ಸೈಡ್ ರೈಟ್ ಸ್ಥಾನದಲ್ಲಿ, ಅಂದರೆ ಮುಂಪಡೆಯ ನಡುವಿನವನ ಬಲಕ್ಕೆ, ಆಡುತ್ತಿದ್ದ ಬ್ಲೂಮರ್ ಅವರ ಹೆಚ್ಚುಗಾರಿಕೆ ಇದ್ದದ್ದೇ ಇಲ್ಲಿ: ಬಂದ ಚೆಂಡನ್ನು ತಡೆದು ಸರಿಮಾಡಿಕೊಳ್ಳದೆ, ನೆಲ ಸವರಿಕೊಂಡು ಹೋಗುವಂತೆ ಒಂದೇ ಏಟಿಗೆ ಬಾರಿಸುತ್ತಿದ್ದರು.

ನಿಮ್ಮ ಅನುಮಾನಕ್ಕೆ ಆಧಾರವಿಲ್ಲವೆಂದಲ್ಲ. ಆ 28 ಗೋಲುಗಳೂ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ತಂಡಗಳ ವಿರುದ್ಧವೇ ಬಂದವು; 1896ರಲ್ಲಿ ವೇಲ್ಸ್ ಎದುರಿನ ಒಂದೇ ಪಂದ್ಯದಲ್ಲಿ ಐದು. ಆದರೆ ಅಂದು ಎಲ್ಲರಿಗಿಂತ ಗಟ್ಟಿ ಎದುರಾಳಿಯಾಗಿದ್ದ ಸ್ಕಾಟ್ಲೆಂಡ್ ವಿರುದ್ಧವೂ ಅವರು ಎಂಟು ಗೋಲು ಗಳಿಸಿದ್ದಾರೆ. ನನ್ನ ಮಟ್ಟಿಗೆ ತೂಕದ ಲೆಕ್ಕವೆಂದರೆ ಲೀಗ್‌ನದು. 1892ರಿಂದ 1914ರವರೆಗೆ, ನಡುವೆ ನಾಲ್ಕು ವರ್ಷ ಮಿಡಲ್ಸ್‌ಬರೋ ತಂಡದಲ್ಲಿದ್ದದ್ದೂ ಸೇರಿ, 350ಕ್ಕೂ ಹೆಚ್ಚು ಗೋಲುಗಳು. ಅಷ್ಟು ದೀರ್ಘ ಕಾಲ ದುರ್ಬಲ ಎದುರಾಳಿಗಳೇ ಸಿಗುವುದು ಸಾಧ್ಯವಿಲ್ಲ. ಇಷ್ಟಕ್ಕೆ ಸಿಕ್ಕ ಕೂಲಿಯೋ! ಆರಂಭದಲ್ಲಿ ವಾರಕ್ಕೆ ಏಳೂವರೆ ಶಿಲಿಂಗ್ (ಪೌಂಡಿಗೆ ಇಪ್ಪತ್ತು ಶಿಲಿಂಗ್). 1901ರಿಂದಂತೂ ಯಾವ ಆಟಗಾರನಿಗೂ ವಾರಕ್ಕೆ ನಾಲ್ಕು ಪೌಂಡ್ ಮೀರಿ ಸಂಬಳ ಕೊಡಬಾರದೆಂಬ ಕಟ್ಟುಪಾಡು ಬಂತು.

ಇನ್ನು ಕಪ್ಪಿನ ಮಾತು. ಅವರ ಕಾಲದಲ್ಲಿ ಡರ್ಬಿ ಮೂರು ಬಾರಿ ಫೈನಲ್ ತಲುಪಿ ಮೂರರಲ್ಲೂ ಸೋತಿತು. 1898ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 3–1ರಿಂದ ಸೋತಾಗ ಡರ್ಬಿಯ ಒಂದೇ ಗೋಲು ಬ್ಲೂಮರ್ ಅವರದು. ಮರುವರ್ಷ ಶೆಫೀಲ್ಡ್ ಯುನೈಟೆಡ್ 4–1ರಿಂದ ಗೆದ್ದಿತು. 1903ರಲ್ಲಿ ಬ್ಯೂರಿ ತಂಡ 6–0 ಅಂತರದಿಂದ ಬಡಿದಾಗ, ಗಾಯಗೊಂಡಿದ್ದ ಅವರು ಅಂಗಳಕ್ಕೇ ಇಳಿದಿರಲಿಲ್ಲ. ಆಟಗಾರನಾಗಿ ಅವರು ಗೆದ್ದ ಲೀಗ್ ಪ್ರಶಸ್ತಿ 1911–12ರ ಎರಡನೇ ಡಿವಿಷನ್ (ಲೀಗ್‌ನ ಕೆಳ ಹಂತ) ಒಂದೇ. ರಾಷ್ಟ್ರೀಯ ಕಪ್ ಅವರಿಗೆ ಒಲಿದದ್ದು 1924ರಲ್ಲಿ, ಐವತ್ತರ ಪ್ರಾಯದಲ್ಲಿ, ಅದೂ ಇಂಗ್ಲೆಂಡಿನದಲ್ಲ: ಸ್ಪೇನಿನ ಇರುನ್ ಪಟ್ಟಣದ ರಿಯಲ್ ಯೂನಿಯನ್ ತಂಡ ಅವರ ತರಬೇತಿಯಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 1–0ರಿಂದ ಸೋಲಿಸಿ ಕೋಪಾ ಡೆಲ್ ರೇ ಗೆದ್ದಿತು.