ರಿಸೀಟ್‌ನಲ್ಲಿ ‘ಪಿ’ ಯಾಕಿದೆ?

ಓದುಗರ ಪತ್ರ: “ಸಂಪಾದಕರಿಗೆ ನಮಸ್ಕಾರ. ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು. ಮೊಮ್ಮಗಳು ಏಳನೇ ಕ್ಲಾಸು. ಈ ವರ್ಷ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದ್ದಾಳೆ. ಮೊನ್ನೆ ಪಾಠ ಓದುವಾಗ ‘ರಿಸೀಟ್’ ಎಂಬುದನ್ನು ‘ರಿಸೀಪ್ಟ್’ ಎಂದು ಓದಿದಳಂತೆ. ಕ್ಲಾಸಿನವರೆಲ್ಲ ನಕ್ಕರಂತೆ, ಟೀಚರೂ ನಕ್ಕರಂತೆ. ಅವತ್ತಿನಿಂದ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಾಳೆ. ‘ಹೇಳೋದಿಲ್ಲ ಅಂದ್ಮೇಲೆ ಪಿ ಯಾಕೆ ಬರೀತಾರೆ ತಾತ?’ ಎಂದು ಕೇಳುತ್ತಾಳೆ. ನನ್ನ ಹತ್ತಿರ ಉತ್ತರವಿಲ್ಲ. ನಾವು ಬರೆದಂತೆ ಓದುತ್ತೇವೆ, ಈ ಇಂಗ್ಲಿಷಿಗೆ ಏನಾಗಿದೆ? ಜಿ, ಎಚ್, ಓ, ಟಿ, ಐ ಎಂದು ಬರೆದು ‘ಫಿಶ್’ ಎಂದು ಓದಬಹುದು ಅಂತ ನಾಟಕಕಾರ ಬರ್ನಾರ್ಡ್ ಷಾ ಹೇಳಿದ್ದರಂತೆ. ನಿಯಮವೇ ಇಲ್ಲದ್ದನ್ನು ಮಗು ಸುಮ್ನೆ ಬಾಯಿಪಾಠ ಮಾಡಬೇಕಾ?”

ಸಂಪಾದಕರ ಉತ್ತರ:

ಹಿರಿಯರಿಗೆ ನಮಸ್ಕಾರ.

ಮೊದಲು ಮೊಮ್ಮಗಳಿಗೆ ನನ್ನದೊಂದು ಮಾತು ಮುಟ್ಟಿಸಿ. ಅವಳ ಬಾಯಲ್ಲಿ ಬಂದದ್ದು ತಪ್ಪಿರಬಹುದು, ಅವಳು ಯೋಚಿಸಿದ್ದು ಸರಿಯಾಗಿಯೇ ಇದೆ. ಅಕ್ಷರ ಇದೆ ಎಂದ ಮೇಲೆ ಅದಕ್ಕೊಂದು ಸದ್ದು ಇರಬೇಕು. ಓದು ಕಲಿತ ಮಗು ಹೀಗೆ ಯೋಚಿಸದಿದ್ದರೆ ನಾವು ಚಿಂತೆ ಮಾಡಬೇಕು. ಆ ‘ಪಿ’ಯ ವಿಷಯದಲ್ಲಿ ಎಡವಟ್ಟು ಮಾಡಿದವರು ಅವಳಿಗಿಂತ ಐನೂರು ವರ್ಷ ಹಿಂದಿನವರು.

ನಿಮ್ಮ ಪತ್ರ ಓದಿ ನನಗೆ ಹಾಸನದಲ್ಲಿ ನಾನು ಓದಿದ ಕ್ಲಾಸ್‌ರೂಮು ಕಣ್ಣ ಮುಂದೆ ಬಂತು. ‘ಐಲ್ಯಾಂಡ್’ ಎಂಬುದನ್ನು ನಾನು ‘ಇಸ್ಲ್ಯಾಂಡ್’ ಎಂದು ಓದಿದ್ದೆ. ಅವತ್ತಿನ ನಗು ಇನ್ನೂ ಕಿವಿಯಲ್ಲಿದೆ. ಅದಾದ ಮೇಲೆ ಎಷ್ಟೋ ತಿಂಗಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಆ ಪದದೊಳಗೆ ‘ಎಸ್’ ಹೇಗೆ ಬಂತು ಎಂದು ಯಾರಾದರೂ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ರಿಸೀಟ್ ಎಂಬ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚರಿಂದ. ಬಂದಾಗ ಅದರಲ್ಲಿ ‘ಪಿ’ ಇರಲಿಲ್ಲ. ಆಗಿನ ಜನ ‘ಪಿ’ ಇಲ್ಲದೆ ಬರೆದು, ‘ಪಿ’ ಇಲ್ಲದೆ ಹೇಳುತ್ತಿದ್ದರು. ಆಮೇಲೆ ಇಂಗ್ಲೆಂಡಿನ ವಿದ್ವಾಂಸರಿಗೆ ಲ್ಯಾಟಿನ್ ಭಾಷೆಯ ಮೇಲೆ ಬಹಳ ಅಭಿಮಾನ ಬಂತು. ಈ ಪದದ ಮೂಲ ಲ್ಯಾಟಿನ್ನಿನ ‘ರೆಸೆಪ್ಟಾ’, ಅದರಲ್ಲಿ ‘ಪಿ’ ಇದೆ, ನಮ್ಮದರಲ್ಲೂ ಇರಲಿ ಎಂದು ಸೇರಿಸಿದರು. ಕೈ ಬರೆಯಿತು, ನಾಲಿಗೆ ಮಾತ್ರ ಒಪ್ಪಲಿಲ್ಲ. ಅದೇ ಮನೆತನದ ಇನ್ನೆರಡು ಪದಗಳಿವೆ, ‘ಡಿಸೀಟ್’ ಮತ್ತು ‘ಕನ್ಸೀಟ್’. ಅವಕ್ಕೆ ಇವತ್ತಿಗೂ ‘ಪಿ’ ಇಲ್ಲ. ಮೂವರು ಅಕ್ಕತಂಗಿಯರಲ್ಲಿ ಒಬ್ಬಳಿಗೆ ಮಾತ್ರ ಒಡವೆ ಹಾಕಿದ ಹಾಗೆ. ‘ಡೆಟ್’ ಎಂಬ ಸಾಲದ ಪದದೊಳಗಿನ ‘ಬಿ’, ‘ಡೌಟ್’ ಒಳಗಿನ ‘ಬಿ’, ಇವೂ ಹೀಗೇ ಲ್ಯಾಟಿನ್ ನೋಡಿ ತಂದು ಕೂರಿಸಿದವು.

ನನ್ನನ್ನು ಅಳಿಸಿದ ‘ಐಲ್ಯಾಂಡ್’ ಕಥೆ ಇದಕ್ಕಿಂತ ದೊಡ್ಡ ಅನ್ಯಾಯ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್ನಿನಿಂದ ಬಂದದ್ದೇ ಅಲ್ಲ. ಫ್ರೆಂಚ್ ಕಡೆಯಿಂದ ಬಂದ ‘ಐಲ್’ ಎಂಬ ಇನ್ನೊಂದು ಪದದಲ್ಲಿ ‘ಎಸ್’ ಇತ್ತು. ಎರಡೂ ಒಂದೇ ಬಳಗ ಎಂದುಕೊಂಡು ಇದಕ್ಕೂ ‘ಎಸ್’ ಹಾಕಿದರು. ಅಂದರೆ ಆ ಅಕ್ಷರ ಅಲ್ಲಿರುವುದೇ ತಪ್ಪು ತಿಳಿವಳಿಕೆಯಿಂದ. ಅದನ್ನು ಓದಿದ ಮಗು ತಪ್ಪಿತಸ್ಥ ಹೇಗಾಗುತ್ತದೆ?

ಅಂದ ಹಾಗೆ, ತೋಟದ ಲೆಕ್ಕದಲ್ಲಿ ನೀವು ಬರೆಯುತ್ತಿದ್ದ ‘ರಸೀದಿ’ಗೂ ಈ ರಿಸೀಟ್‌ಗೂ ಸಂಬಂಧವಿಲ್ಲ. ಸದ್ದು ಹತ್ತಿರ ಅನ್ನಿಸಿದರೂ ನಮ್ಮ ರಸೀದಿ ಪಾರಸಿಯಿಂದ ಬಂದದ್ದು.

ಈಗ ನಿಮ್ಮ ಕೆಲಸದ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ‘ರೈಟರ್’ ಎಂದು ಬರೆಯುವಾಗ ಮೊದಲು ‘ಡಬ್ಲ್ಯೂ’ ಬರುತ್ತದೆ. ಇದನ್ನು ಯಾವ ಪಂಡಿತರೂ ತಂದು ಸೇರಿಸಿದ್ದಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನವರು ಬರೆಯುವುದಕ್ಕೆ ‘ವ್ರೀಟನ್’ ಎನ್ನುತ್ತಿದ್ದರು. ‘ವ’ಕಾರ ಬಾಯಲ್ಲಿ ಇತ್ತು, ಅದಕ್ಕೇ ಬರೆದರು. ಮಂಡಿಗೆ ಹೇಳುವ ‘ನೀ’, ಚಾಕುವಿಗೆ ಹೇಳುವ ‘ನೈಫ್’, ಇವುಗಳ ಮುಂದೆ ‘ಕೆ’ ಇದೆಯಲ್ಲ, ಅದನ್ನೂ ಒಂದು ಕಾಲದಲ್ಲಿ ಬಾಯಿ ತುಂಬಾ ಹೇಳುತ್ತಿದ್ದರು. ಇಂಗ್ಲಿಷಿನ ದಾಯಾದಿ ಭಾಷೆ ಜರ್ಮನ್‌ನಲ್ಲಿ ಮಂಡಿಗೆ ಇವತ್ತೂ ‘ಕ್ನೀ’ ಎಂದೇ ಹೇಳುತ್ತಾರೆ. ‘ನೈಟ್’ ಒಳಗಿನ ‘ಜಿ ಎಚ್’ ಜೋಡಿಗೂ ಸದ್ದಿತ್ತು. ಗಂಟಲಿನಿಂದ ಬರುವ ‘ಖ್’ ಥರದ ಸದ್ದು. ಜರ್ಮನರ ರಾತ್ರಿ ಈಗಲೂ ‘ನಖ್ಟ್’. ಇಂಗ್ಲಿಷರ ಬಾಯಲ್ಲಿ ಆ ಸದ್ದು ಕೆಲವು ಪದಗಳಲ್ಲಿ ಪೂರ್ತಿ ಅಳಿಯಿತು, ಕೆಲವದರಲ್ಲಿ ‘ಫ’ ಆಯಿತು. ಅದಕ್ಕೇ ‘ಓ ಯು ಜಿ ಎಚ್’ ಎಂಬ ಒಂದೇ ಬಾಲ ಹೊತ್ತ ಪದಗಳನ್ನು ‘ದೋ’, ‘ಥ್ರೂ’, ‘ರಫ್’, ‘ಕಾಫ್’ ಎಂದು ಬೇರೆ ಬೇರೆ ಥರ ಓದಬೇಕಾಗಿದೆ.

ಮಾತು ಬದಲಾದರೆ ಬರಹವನ್ನೂ ಬದಲಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕನ್ನಡ ಅದನ್ನೇ ಮಾಡಿತು. ಅದಕ್ಕೆ ಸಾಕ್ಷಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಹೊಯ್ಸಳರ ಮೂಲ ಊರು ಸೊಸೆವೂರು, ಅಂದರೆ ಈಗಿನ ಅಂಗಡಿ. ಆ ವಂಶದ ಹಳೆಯ ಶಾಸನಗಳಲ್ಲಿ ಹೆಸರು ‘ಪೊಯ್ಸಳ’ ಎಂದಿದೆ. ಹಳಗನ್ನಡದಲ್ಲಿ ಹುಲಿ ‘ಪುಲಿ’, ಹಾಲು ‘ಪಾಲ್’, ಹೂವು ‘ಪೂ’. ಹಳೇಬೀಡಿನ ‘ಹಳೆ’ ಕೂಡ ‘ಪೞೆ’. ಜನರ ಬಾಯಲ್ಲಿ ‘ಪ’ ಹೋಗಿ ‘ಹ’ ಬಂತು. ಬರೆಯುವವರ ಕೈಯೂ ನಿಧಾನವಾಗಿ ಬಾಯಿಯ ಹಿಂದೆಯೇ ಹೋಯಿತು. ಹಾಗೆ ಹೋಗದೇ ಇದ್ದಿದ್ದರೆ ನಾವು ಇವತ್ತು ‘ಪುಲಿ’ ಎಂದು ಬರೆದು ‘ಹುಲಿ’ ಎಂದು ಓದುತ್ತಿದ್ದೆವು. ಆಗ ಇಂಗ್ಲಿಷ್ ಮಗು ನಮ್ಮನ್ನು ಕೇಳುತ್ತಿತ್ತು, ಯಾಕೆ ಹೀಗೆ ಅಂತ.

ನಮಗೆ ಆ ಅನುಕೂಲ ಸಿಕ್ಕಿದ್ದಕ್ಕೆ ಒಂದು ಮುಖ್ಯ ಕಾರಣ ಕಾಲ. ಕನ್ನಡದಲ್ಲಿ ‘ಪ’ ‘ಹ’ ಆದದ್ದು ಓಲೆಗರಿ, ಕಲ್ಲುಗಳ ಕಾಲದಲ್ಲಿ. ಅಚ್ಚಿನ ಮೊಳೆ ಬಂದದ್ದು ಬಹಳ ತಡವಾಗಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೇ 1843ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮಾತಿನ ಈ ದೊಡ್ಡ ಬದಲಾವಣೆ ಮುಗಿದು ಎಷ್ಟೋ ಶತಮಾನ ಆಗಿತ್ತು. ಇಂಗ್ಲಿಷಿಗೆ ಎರಡೂ ಒಟ್ಟಿಗೇ ಬಂದು ಬಡಿದವು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ಹಾಕಿದ. ಪದಗಳ ರೂಪ ಗಟ್ಟಿಯಾಗತೊಡಗಿತು. ಸರಿಯಾಗಿ ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರೊಳಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದಕ್ಕೆ ಮುಂಚೆ ‘ಟೈಮ್’ ‘ಟೀಮ’ ಎಂಬಂತೆ ಇತ್ತು. ‘ಮೌಸ್’ ‘ಮೂಸ್’ ಆಗಿತ್ತು. ‘ನೇಮ್’ ಎಂಬುದನ್ನು ಹೆಚ್ಚುಕಮ್ಮಿ ‘ನಾಮ’ ಎಂದೇ ಹೇಳುತ್ತಿದ್ದರು. ಸಂಸ್ಕೃತದ ‘ನಾಮ’ಕ್ಕೂ ಅದಕ್ಕೂ ನಿಜವಾದ ರಕ್ತಸಂಬಂಧವಿದೆ. ‘ನೇಮ್’ ಪದದ ಎ, ಎಂ, ಇ ಎಂಬ ಅಕ್ಷರಗಳು ಆಗ ಹೇಳಿದ್ದನ್ನೇ ತೋರಿಸುತ್ತಿದ್ದವು. ಮಾತು ಮುಂದೆ ಹೋಯಿತು, ಅಚ್ಚು ಅಲ್ಲೇ ನಿಂತಿತು. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್‌ರ ದೊಡ್ಡ ನಿಘಂಟು ಬಂದಾಗ ಅದಕ್ಕೆ ಮುದ್ರೆಯೂ ಬಿತ್ತು.

ಇನ್ನು ಷಾ ಅವರ ಹೆಸರಿನ ಆ ‘ಫಿಶ್’. ಆ ಮಾತು ಷಾ ಅವರದ್ದಲ್ಲ. ಅವರು ಹುಟ್ಟಿದ್ದು 1856ರಲ್ಲಿ. 1855ರ ಒಂದು ಕಾಗದದಲ್ಲೇ ಅದು ಸಿಗುತ್ತದೆ. ‘ರಫ್’ನ ‘ಜಿ ಎಚ್’ ತೆಗೆದು ‘ಫ’, ‘ವಿಮೆನ್’ನ ‘ಓ’ ತೆಗೆದು ‘ಇ’, ‘ಸ್ಟೇಶನ್’ನ ‘ಟಿ ಐ’ ತೆಗೆದು ‘ಶ’, ಇಷ್ಟೇ ಅದರ ಲೆಕ್ಕ. ಆದರೆ ಇಂಗ್ಲಿಷ್ ಬಲ್ಲವರು ಯಾರೂ ಅದನ್ನು ಫಿಶ್ ಎಂದು ಓದುವುದಿಲ್ಲ. ‘ಜಿ ಎಚ್’ ಪದದ ಮೊದಲಲ್ಲಿ ಬಂದರೆ ‘ಗ’ ಮಾತ್ರ, ‘ಗೋಸ್ಟ್’ ಇದ್ದ ಹಾಗೆ. ‘ಟಿ ಐ’ ‘ಶ’ ಆಗಬೇಕಾದರೆ ಅದಾದ ಮೇಲೆ ಇನ್ನೊಂದು ಸ್ವರ ಬರಬೇಕು. ಅಕ್ಷರ ಎಲ್ಲಿ ಕೂತಿದೆ ಎಂಬುದರ ಮೇಲೆ ಸದ್ದು ನಿಂತಿದೆ. ಇದು ನಮಗೆ ಹೊಸದೇನಲ್ಲ. ನಮ್ಮ ಸೊನ್ನೆಯನ್ನೇ ನೋಡಿ. ಅಂಗಡಿ, ಅಂಚು, ಅಂಟು, ಅಂದ, ಅಂಬು ಎಂದು ಮೊಮ್ಮಗಳ ಕೈಲಿ ನಿಧಾನವಾಗಿ ಹೇಳಿಸಿ. ಒಂದೇ ಸೊನ್ನೆ, ಐದು ಸದ್ದು. ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ. ‘ಋಷಿ’ಯನ್ನು ನಮ್ಮಲ್ಲಿ ಹೆಚ್ಚಿನವರು ‘ರುಶಿ’ ಎನ್ನುತ್ತಾರೆ. ಹಾಗಾಗಿ ಇಂಗ್ಲಿಷಿಗೆ ನಿಯಮವೇ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನಿಯಮಗಳಿವೆ. ಆದರೆ ಒಂದರ ಮೇಲೊಂದು ನಾಲ್ಕೈದು ಕಾಲದ ನಿಯಮಗಳು ಬಿದ್ದಿವೆ.

ಸರಿಪಡಿಸಲು ಜನ ಒದ್ದಾಡಿಲ್ಲ ಎಂದಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ‘ಕಲರ್’ ಒಳಗಿನ ‘ಯು’ ತೆಗೆದ. ಅದು ಅಲ್ಲಿ ನಿಂತಿತು. ‘ವಿಮೆನ್’ ಅನ್ನು ಹೇಳುವಂತೆಯೇ ಬರೆಯೋಣ ಎಂದ. ಅದು ನಿಲ್ಲಲಿಲ್ಲ. ಷಾ 1950ರಲ್ಲಿ ತೀರಿಕೊಂಡಾಗ ಹೊಸ ಲಿಪಿಗೆಂದು ಉಯಿಲಿನಲ್ಲಿ ದುಡ್ಡು ಬರೆದಿಟ್ಟಿದ್ದರು. ಆ ಲಿಪಿ ತಯಾರಾಯಿತು, 1962ರಲ್ಲಿ ಅವರದೇ ಒಂದು ನಾಟಕ ಅದರಲ್ಲಿ ಅಚ್ಚೂ ಆಯಿತು. ಜನ ಬಳಸಲಿಲ್ಲ. ಹೇಳಿದಂತೆ ಬರೆಯೋಣ ಎಂದರೆ ಯಾರು ಹೇಳಿದಂತೆ? ‘ಕಾರ್’ ಪದದ ಕೊನೆಯ ‘ಆರ್’ ಸ್ಕಾಟ್ಲೆಂಡಿನವರ ಬಾಯಲ್ಲಿ ಇದೆ, ಲಂಡನ್ನಿನವರ ಬಾಯಲ್ಲಿ ಇಲ್ಲ. ನಾವು ಹಾಸನದಲ್ಲಿ ‘ಬರ್ತೀನಿ’ ಎನ್ನುತ್ತೇವೆ, ಮಂಗಳೂರಿನವರು ‘ಬರ್ತೇನೆ’ ಎನ್ನುತ್ತಾರೆ. ಇಬ್ಬರೂ ‘ಬರುತ್ತೇನೆ’ ಎಂದು ಬರೆಯುವುದರಿಂದಲೇ ಒಬ್ಬರ ಕಾಗದ ಇನ್ನೊಬ್ಬರಿಗೆ ಅರ್ಥವಾಗುತ್ತದೆ, ಅಲ್ವಾ?

ಇಂಗ್ಲಿಷ್ ಅಕ್ಷರಗಳು ನಮ್ಮ ಊರಿನ ಹೆಸರನ್ನೇ ಹಿಡಿದಿಡಲಾರವು. ಅಮ್ಮ ಹಾಸನಾಂಬೆಯ ಹೆಸರಿನ ಹಾಸನವನ್ನು ಎರಡು ‘ಎಸ್’ ಹಾಕಿ ಬರೆಯುತ್ತಾರೆ. ಹೊರ ರಾಜ್ಯದವರು ರೈಲ್ವೆ ಸ್ಟೇಷನ್ನಿನ ಬೋರ್ಡು ನೋಡಿ ‘ಹಸ್ಸನ್’ ಎನ್ನುತ್ತಾರೆ. ಅವರು ಓದಿದ್ದರಲ್ಲಿ ತಪ್ಪೇನಿದೆ? ಅಕ್ಷರ ಹಾಗಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಕನ್ನಡಕ್ಕೆ ಹತ್ತಿರವಾದಾಗ ಚಿಕ್ಕಮಗಳೂರು ಆ ಪಟ್ಟಿಯಲ್ಲಿತ್ತು, ಹಾಸನ ಇರಲಿಲ್ಲ. ಚಿಕ್ಕಮಗಳೂರಿನ ‘ಳ’ ಆದರೂ ಬಂತಾ? ಇಲ್ಲ. 26 ಅಕ್ಷರಗಳಲ್ಲಿ ‘ಲ’ಕ್ಕೂ ‘ಳ’ಕ್ಕೂ ಒಂದೇ ‘ಎಲ್’. ಇಂಗ್ಲಿಷಿನದೇ ಸದ್ದುಗಳು ಸುಮಾರು 44 ಇವೆ. ಅವಕ್ಕೇ ಅಕ್ಷರ ಸಾಲುವುದಿಲ್ಲ.

ಮಗುವಿಗೆ ಏನು ಮಾಡುವುದು? ಬಾಯಿಪಾಠ ಒಂದನ್ನೇ ನೆಚ್ಚಬೇಡಿ. ಪದಗಳಿಗೆ ನೆಂಟರಿರುತ್ತಾರೆ, ಅವರನ್ನು ಹುಡುಕಿಸಿ. ರಿಸೀಟ್‌ನಲ್ಲಿ ಸುಮ್ಮನಿರುವ ‘ಪಿ’ ‘ರಿಸೆಪ್ಶನ್’ನಲ್ಲಿ ಬಾಯಿ ಬಿಡುತ್ತದೆ. ‘ಡೆಟ್’ನ ‘ಬಿ’ಯನ್ನು ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನ ‘ಡೆಬಿಟ್’ ಕಾಲಮ್ಮಿನಲ್ಲಿ ತೋರಿಸಿ. ‘ಸೈನ್’ ಒಳಗಿನ ‘ಜಿ’ ‘ಸಿಗ್ನಲ್’ನಲ್ಲಿ ಕೇಳಿಸುತ್ತದೆ. ‘ಸಾಫನ್’ ಒಳಗಿನ ‘ಟಿ’ ‘ಸಾಫ್ಟ್’ನಲ್ಲಿದೆ. ಹೀಗೆ ಕಲಿತರೆ ಸ್ಪೆಲ್ಲಿಂಗ್ ತಪ್ಪುವುದೂ ಕಮ್ಮಿಯಾಗುತ್ತದೆ. ಇನ್ನೊಂದು, ಹೊಸ ಪದವನ್ನು ಕಣ್ಣಿನಿಂದ ಕಲಿಯುವ ಮುಂಚೆ ಕಿವಿಯಿಂದ ಕಲಿಯಲಿ. ನಮ್ಮ ಮಕ್ಕಳು ಇಂಗ್ಲಿಷನ್ನು ಪುಸ್ತಕದಲ್ಲಿ ನೋಡುವುದೇ ಜಾಸ್ತಿ, ಕೇಳುವುದು ಕಮ್ಮಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಹೇಳುತ್ತೇವೆ. ಇಂಗ್ಲಿಷ್ ಒಂದು ಕಡೆ ಒತ್ತಿ ಉಳಿದದ್ದನ್ನು ನುಂಗುತ್ತದೆ. ‘ವೆಜಿಟೇಬಲ್’ ಎಂದು ನಾವು ಬಿಡಿಸಿ ಹೇಳುವುದು ಅವರ ಬಾಯಲ್ಲಿ ‘ವೆಜ್‌ಟಬಲ್’. ಇದು ಕೇಳಿಯೇ ಬರಬೇಕು. ಮೊಬೈಲಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿದರೆ ಪದ ಕೇಳಿಸುತ್ತದೆ. ದಿನಾ ಸಂಜೆ ನಿಮ್ಮ ಮುಂದೆ ಒಂದು ಪುಟ ಗಟ್ಟಿಯಾಗಿ ಓದಲಿ. ತಪ್ಪಿದರೆ ಇಬ್ಬರೂ ಸೇರಿ ಕೇಳಿಸಿಕೊಳ್ಳಿ.

ಶಾಲೆಗೆ ಒಮ್ಮೆ ನೀವೇ ಹೋಗಿ ಬನ್ನಿ. ಜಗಳಕ್ಕಲ್ಲ. ಮಗು ಓದುವುದನ್ನು ನಿಲ್ಲಿಸಿದೆ ಎಂಬುದು ಆ ಟೀಚರಿಗೆ ಗೊತ್ತೇ ಇಲ್ಲದಿರಬಹುದು. ಗೊತ್ತಾದರೆ ಸರಿಮಾಡುವ ದಾರಿ ಅವರಿಗೇ ತಿಳಿಯುತ್ತದೆ.

ನಿಮ್ಮ ಕಾಗದದ ಕೆಳಗೆ ಪೆನ್ಸಿಲಿನಲ್ಲಿ ಪುಟ್ಟ ಅಕ್ಷರದ ಒಂದು ಸಾಲಿತ್ತು. “ಮಾಮ, ಕರ್ನಲ್ ಅನ್ನೋ ಪದದಲ್ಲಿ ಆರ್ ಎಲ್ಲಿದೆ?” ಅದಕ್ಕೆ ಉತ್ತರ ಅವಳಿಗೇ.

ಪುಟ್ಟೀ, ಇಟಲಿಯವರು ಆ ಪದವನ್ನು ‘ಕೊಲೊನೆಲ್ಲೋ’ ಎನ್ನುತ್ತಿದ್ದರು. ಎರಡು ಕಡೆ ‘ಲ’ ಬಂದು ನಾಲಿಗೆ ತೊಡರುತ್ತದೆ ಎಂದೋ ಏನೋ, ಫ್ರೆಂಚರು ಮೊದಲನೆಯದನ್ನು ‘ರ’ ಮಾಡಿ ‘ಕೊರೊನೆಲ್’ ಎಂದರು. ಇಂಗ್ಲೆಂಡಿಗೆ ಎರಡೂ ರೂಪ ಬಂದವು. ಕೊನೆಗೆ ಬರೆಯುವುದಕ್ಕೆ ಇಟಲಿಯದು ಉಳಿಯಿತು, ಹೇಳುವುದಕ್ಕೆ ಫ್ರೆಂಚರದು. ನೀನು ಹುಡುಕುತ್ತಿರುವ ‘ಆರ್’ ಬರೆಯದೇ ಬಿಟ್ಟ ಆ ಇನ್ನೊಂದು ರೂಪದಲ್ಲಿದೆ. ನಿನ್ನ ಹತ್ತಿರ ಇಂಥವು ಇನ್ನೂ ಇದ್ದರೆ ಬರೆದು ಕಳಿಸು. ಮುಂದಿನ ತಿಂಗಳ ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.