ಓದಲು ಮಾತ್ರ ತೆರೆದರೆ ಸಾಕು

ಓದುಗರ ಪತ್ರ: ನನ್ನ ವಿಂಡೋಸ್ 10 ಲ್ಯಾಪ್‌ಟಾಪ್ ನಡೆಯುತ್ತಿದ್ದಾಗಲೇ ಮದರ್‌ಬೋರ್ಡ್ ಸುಟ್ಟುಹೋಯಿತು. 1 ಟಿಬಿ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಮನೆಯ ಉಬುಂಟು ಕಂಪ್ಯೂಟರಿಗೆ ಸಿಕ್ಕಿಸಿದೆ. ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್’ ಎಂದು ಬಂತು. ಒಬ್ಬ ಗೆಳೆಯರು ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿ ಎನ್ನುತ್ತಾರೆ, ಇನ್ನೊಬ್ಬರು ಫೋರ್ಸ್ ಹಾಕಿ ಮೌಂಟ್ ಮಾಡಿ ಎನ್ನುತ್ತಾರೆ. ಅದರಲ್ಲಿ ಹದಿನೈದು ವರ್ಷದ ಕನ್ನಡ ಬರಹಗಳಿವೆ. ಏನು ಮಾಡಲಿ?

ಸಂಪಾದಕರ ಉತ್ತರ: ಇಬ್ಬರ ಸಲಹೆಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಕಡತಗಳು ಹೊರಗೆ ಬಂದರೆ ಸಾಕು ತಾನೆ? ಅದಕ್ಕೆ ಆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬೇಕಿಲ್ಲ. ಅವರಿಬ್ಬರೂ ತೋರಿಸಿದ್ದು ಬರೆಯುವ ದಾರಿ.

ಬ್ಯಾಡ್ ಸೂಪರ್‌ಬ್ಲಾಕ್ ಎಂಬ ಮಾತಿಗೆ ಹೆದರಬೇಡಿ. ಕರ್ನಲ್ (ಉಬುಂಟುವಿನ ಒಳತಿರುಳಾದ ಲಿನಕ್ಸ್) ‘ಆಗದು’ ಎಂದಾಗಲೆಲ್ಲ, ಡಿಸ್ಕನ್ನು ಫೋಲ್ಡರಿನಂತೆ ತೆರೆದುಕೊಡುವ ಮೌಂಟ್ ಆಜ್ಞೆ ಹೆಚ್ಚಾಗಿ ಇದೇ ಸಿದ್ಧವಾಕ್ಯವನ್ನು ಒಪ್ಪಿಸುತ್ತದೆ. ನಿಜವಾದ ಕಾರಣ ‘ಸುಡೊ ಡಿಎಂಇಎಸ್‌ಜಿ’ ಕೊಟ್ಟರೆ ಕೊನೆಯ ಕೆಲವು ಸಾಲುಗಳಲ್ಲಿ ಸಿಗುತ್ತದೆ. ನಿಮ್ಮಲ್ಲಿ ಬಹುತೇಕ ‘ವಾಲ್ಯೂಮ್ ಈಸ್ ಡರ್ಟಿ’ ಎಂದಿರುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.)

ಡರ್ಟಿ ಎಂದರೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ವಿಂಡೋಸ್ ಸರಿಯಾಗಿ ಮುಚ್ಚಿಕೊಳ್ಳದೆ ಹೋದರೆ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ) ಪಾರ್ಟಿಷನ್ನಿನ ಮೇಲೆ ‘ಕೆಲಸ ಬಾಕಿ ಇದೆ’ ಎಂಬ ಗುರುತು ಉಳಿಯುತ್ತದೆ. 2021ರಲ್ಲಿ ಬಂದ 5.15ನೇ ಲಿನಕ್ಸ್ ಕರ್ನಲ್ಲಿನಿಂದ ಪ್ಯಾರಗಾನ್ ಕಂಪನಿಯ ಎನ್‌ಟಿಎಫ್‌ಎಸ್3 ಡ್ರೈವರ್ ಕರ್ನಲ್ಲಿನೊಳಗೇ ಇದೆ. ಆ ಗುರುತು ಕಂಡರೆ ಅದು ಬರೆಯಲು ಬಿಡುವುದಿಲ್ಲ, ಓದಲು ಬಿಡುತ್ತದೆ. ವಿಂಡೋಸ್ 8ರಿಂದ ಈಚೆಗೆ ಇನ್ನೊಂದು ತೊಡಕೂ ಸೇರಿದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಕರ್ನಲ್ಲಿನ ನೆನಪನ್ನು ಹೈಬರ್‌ಫಿಲ್.ಸಿಸ್ ಕಡತದಲ್ಲಿ ಕಟ್ಟಿಡುತ್ತದೆ. ಅಂಥ ಡಿಸ್ಕಿಗೆ ಲಿನಕ್ಸಿನಿಂದ ಬರೆಯುವುದೆಂದರೆ, ಶಾನುಭೋಗರು ಅರ್ಧ ಲೆಕ್ಕ ತಲೆಯಲ್ಲಿಟ್ಟುಕೊಂಡು ಊಟಕ್ಕೆ ಎದ್ದಾಗ ಬೇರೆಯವರು ಅದೇ ಖಾತೆ ಪುಸ್ತಕ ತಿದ್ದಿದ ಹಾಗೆ.

ಎನ್‌ಟಿಎಫ್‌ಎಸ್‌ಫಿಕ್ಸ್ ಹೆಸರು ಕೇಳಿ ಮೋಸಹೋಗುವವರು ಬಹಳ. ಅದು ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಅಲ್ಲ. ಕೆಲವು ಮೂಲ ದೋಷಗಳನ್ನು ಸರಿಪಡಿಸಿ, ಜರ್ನಲನ್ನು (ಬದಲಾವಣೆಗಳ ದಿನಚರಿ) ಖಾಲಿ ಮಾಡಿ, ‘ವಿಂಡೋಸ್ ಮತ್ತೆ ಎದ್ದಾಗ ಪರೀಕ್ಷಿಸಲಿ’ ಎಂದು ಚೀಟಿ ಅಂಟಿಸುತ್ತದೆ, ಅಷ್ಟೆ. ನಿಮ್ಮ ವಿಂಡೋಸ್ ಮತ್ತೆ ಏಳುವುದೇ ಇಲ್ಲವಲ್ಲ.

ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ. ನಿಮ್ಮ ಡಿಸ್ಕ್ ಎಸ್‌ಡಿಬಿ ಎಂದು ಕಂಡಿತೆನ್ನೋಣ. ಅದರಲ್ಲಿ 100 ಎಂಬಿಯಷ್ಟರ ಇಎಫ್‌ಐ, 16 ಎಂಬಿಯ ಮೀಸಲು ತುಂಡು, ಕೊನೆಯಲ್ಲೊಂದು ರಿಕವರಿ ಪಾರ್ಟಿಷನ್ ಇರಬಹುದು. ನಿಮಗೆ ಬೇಕಾದದ್ದು ದೊಡ್ಡದು, ಸಾಮಾನ್ಯವಾಗಿ ಎಸ್‌ಡಿಬಿ3. ಅದರ ಮುಂದೆ ಎನ್‌ಟಿಎಫ್‌ಎಸ್ ಎಂದಿದ್ದರೆ:

ಸುಡೊ ಎಂಕೆಡಿಐಆರ್ /ಎಂಎನ್‌ಟಿ/ಹಳೆ
ಸುಡೊ ಮೌಂಟ್ -ಟಿ ಎನ್‌ಟಿಎಫ್‌ಎಸ್-3ಜಿ -ಒ ಆರ್‌ಒ /ಡೆವ್/ಎಸ್‌ಡಿಬಿ3 /ಎಂಎನ್‌ಟಿ/ಹಳೆ

ಆರ್‌ಒ ಎಂದರೆ ಓದಲು ಮಾತ್ರ. ಎನ್‌ಟಿಎಫ್‌ಎಸ್-3ಜಿ ಎಂಬುದು ಮೇಲೆ ಹೇಳಿದ ಎನ್‌ಟಿಎಫ್‌ಎಸ್3 ಅಲ್ಲ, ಕರ್ನಲ್ಲಿನ ಹೊರಗೆ ನಡೆಯುವ ಇನ್ನೊಂದು ಡ್ರೈವರ್. ಎನ್‌ಟಿಎಫ್‌ಎಸ್ ಬದಲು ಬಿಟ್‌ಲಾಕರ್ ಎಂದು ಕಂಡರೆ ಪಾರ್ಟಿಷನ್ನಿಗೆ ಬೀಗ ಬಿದ್ದಿದೆ. ನೀವೇ ಹಾಕಿರಬೇಕೆಂದಿಲ್ಲ, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿ ಬೀಳುತ್ತದೆ. ಆಗ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ 48 ಅಂಕಿಯ ರಿಕವರಿ ಕೀ ಹುಡುಕಿ, ‘ಸುಡೊ ಕ್ರಿಪ್ಟ್‌ಸೆಟಪ್ ಓಪನ್ --ಟೈಪ್ ಬಿಟ್‌ಲ್ಕ್ /ಡೆವ್/ಎಸ್‌ಡಿಬಿ3 ಹಳೆ’ ಎಂದು ಕೊಟ್ಟು ಆ ಅಂಕಿಗಳನ್ನು ನಮೂದಿಸಿ. ಕ್ರಿಪ್ಟ್‌ಸೆಟಪ್ 2.3 ಅಥವಾ ಅದಕ್ಕಿಂತ ಹೊಸದು ಬೇಕು. ಆಮೇಲೆ ಎಸ್‌ಡಿಬಿ3 ಬದಲು /ಡೆವ್/ಮ್ಯಾಪರ್/ಹಳೆ ಎಂಬುದನ್ನು ಮೌಂಟ್ ಮಾಡಿ. ಕೀ ಇಲ್ಲದಿದ್ದರೆ ಲಿನಕ್ಸಿನಲ್ಲೂ ಅಡ್ಡದಾರಿ ಇಲ್ಲ.

ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ, ಅಥವಾ ಡಿಎಂಇಎಸ್‌ಜಿಯಲ್ಲಿ ‘ಐ/ಒ ಎರರ್’ ಸಾಲುಗಳು ಹೆಚ್ಚುತ್ತಿದ್ದರೆ ಮೌಂಟ್ ಮಾಡುವ ಗೋಜಿಗೇ ಹೋಗಬೇಡಿ. 1 ಟಿಬಿಗಿಂತ ಹೆಚ್ಚು ಜಾಗವಿರುವ ಇನ್ನೊಂದು ಡಿಸ್ಕಿಗೆ ಡಿಡಿರೆಸ್ಕ್ಯೂನಿಂದ ಇಡೀ ಪ್ರತಿ ತೆಗೆದು, ಕಡತಗಳನ್ನು ಆ ಪ್ರತಿಯಿಂದ ಹೆಕ್ಕಿ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಮ್ಯಾಪ್ ಕಡತದ ಹೆಸರನ್ನೂ ಕೊಡಲು ಮರೆಯಬೇಡಿ. ಅದಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ನಕಲಿಗೆ ‘ಆರ್‌ಸಿಂಕ್ -ಆರ್‌ಟಿವಿ’ ಸಾಕು. ರೂಢಿಯ -ಎ ಬೇಡ. ಎನ್‌ಟಿಎಫ್‌ಎಸ್-3ಜಿ ಎಲ್ಲ ಕಡತಕ್ಕೂ 777 ಅನುಮತಿ ತೋರಿಸುವುದರಿಂದ, -ಎ ಕೊಟ್ಟರೆ ನಿಮ್ಮ ಪ್ರತಿಯೊಂದು ಪತ್ರವೂ ಆ ಕಂಪ್ಯೂಟರಿನ ಯಾವ ಬಳಕೆದಾರರು ಬೇಕಾದರೂ ತಿದ್ದಬಹುದಾದ ಅನುಮತಿ ಹೊತ್ತುಕೊಂಡು ಬರುತ್ತದೆ.

ಎರಡು ಬಗೆಯ ಕಡತಗಳು ನಕಲಾಗದೆ ಉಳಿಯಬಹುದು. ‘ಅನ್‌ಸಪೋರ್ಟೆಡ್ ರೀಪಾರ್ಸ್ ಟ್ಯಾಗ್’ ಎಂಬ ಕೊಂಡಿಯಾಗಿ ಕಾಣುವವು ಮೊದಲನೆಯವು. ಇವು ಒನ್‌ಡ್ರೈವ್ ಫೋಲ್ಡರಿನಲ್ಲಿದ್ದರೆ, ಕಡತದ ಒಡಲು ಮೋಡದಲ್ಲಷ್ಟೇ ಇದ್ದು ಡಿಸ್ಕಿನಲ್ಲಿ ಬರಿಯ ಹೆಸರು ಉಳಿದಿರುವ ಸಾಧ್ಯತೆ ಹೆಚ್ಚು. ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಇಳಿಸಿಕೊಳ್ಳಿ.

ಎರಡನೆಯದು ಕನ್ನಡದವರನ್ನೇ ಹುಡುಕಿಕೊಂಡು ಬರುವ ತೊಂದರೆ: ‘ಫೈಲ್ ನೇಮ್ ಟೂ ಲಾಂಗ್’. ಎನ್‌ಟಿಎಫ್‌ಎಸ್ ಹೆಸರಿನ ಉದ್ದವನ್ನು 255 ಸಂಕೇತಗಳೆಂದು ಎಣಿಸುತ್ತದೆ, ಉಬುಂಟುವಿನ ಕಡತ ಪದ್ಧತಿಯಾದ ಇಎಕ್ಸ್‌ಟಿ4 ಎಣಿಸುವುದು 255 ಬೈಟುಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ ಲಿನಕ್ಸ್ ಬಳಸುವ ಯುಟಿಎಫ್-8 ಬರವಣಿಗೆಯಲ್ಲಿ 3 ಬೈಟು ಬೇಕು, ಒತ್ತು, ಗುಣಿತ, ಹಲಂತ ಚಿಹ್ನೆ (್) ಎಲ್ಲ ಬೇರೆ ಬೇರೆ ಲೆಕ್ಕ. ‘ಕರ್ನಾಟಕ’ ಕಣ್ಣಿಗೆ ನಾಲ್ಕಕ್ಷರ, ಸಂಕೇತ 7, ಬೈಟು 21. ಹಾಗಾಗಿ ಇಎಕ್ಸ್‌ಟಿ4ರಲ್ಲಿ 85 ಸಂಕೇತಕ್ಕೆ ಹೆಸರು ಮುಗಿಯಬೇಕು. ಲೇಖನದ ಇಡೀ ಶೀರ್ಷಿಕೆಯನ್ನೇ ಕಡತಕ್ಕೆ ಇಡುವ ಅಭ್ಯಾಸವಿದ್ದರೆ ಇದು ಖಂಡಿತ ಎದುರಾಗುತ್ತದೆ. ಆರ್‌ಸಿಂಕ್ ದೂರಿದ ಕಡತಗಳನ್ನು ಗುರುತು ಹಾಕಿಕೊಂಡು, ಒಂದೊಂದನ್ನೂ ‘ಸಿಪಿ’ ಆಜ್ಞೆಯಿಂದ ಚಿಕ್ಕ ಹೆಸರು ಕೊಟ್ಟು ತೆಗೆಯಿರಿ.

ನಕಲಾದ ಹಳೆಯ ಬರಹ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಕಡತ ಹಾಳಾಯಿತೆಂದು ಅಳಿಸಿಬಿಡಬೇಡಿ. ಅದು ಯೂನಿಕೋಡ್‌ಗಿಂತ ಹಿಂದಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದು. ಆ ಫಾಂಟುಗಳು ಇದೇ ಡಿಸ್ಕಿನ ವಿಂಡೋಸ್/ಫಾಂಟ್ಸ್ ಫೋಲ್ಡರಿನಲ್ಲಿ ಕೂತಿವೆ. ಅವುಗಳ ಟಿಟಿಎಫ್ ಕಡತಗಳನ್ನು ನಿಮ್ಮ ಹೋಮ್ ಫೋಲ್ಡರಿನ .ಲೋಕಲ್/ಶೇರ್/ಫಾಂಟ್ಸ್‌ಗೆ ಹಾಕಿ (ಆ ಫೋಲ್ಡರ್ ಇಲ್ಲದಿದ್ದರೆ ಮಾಡಿಕೊಳ್ಳಿ), ‘ಎಫ್‌ಸಿ-ಕ್ಯಾಶ್ -ಎಫ್’ ಓಡಿಸಿ, ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ.

ಕೊನೆಗೆ ‘ಸುಡೊ ಯುಮೌಂಟ್ /ಎಂಎನ್‌ಟಿ/ಹಳೆ’. ‘ಟಾರ್ಗೆಟ್ ಈಸ್ ಬ್ಯುಸಿ’ ಎಂದರೆ ಯಾವುದೋ ಟರ್ಮಿನಲ್ ಇನ್ನೂ ಆ ಫೋಲ್ಡರಿನೊಳಗೇ ನಿಂತಿದೆ. ‘ಸಿಡಿ’ ಎಂದು ಹೊರಬಂದು ಮತ್ತೆ ಕೊಡಿ. ಹೈಬರ್‌ಫಿಲ್ ಅಳಿಸುವುದು, ಫಾರ್ಮ್ಯಾಟ್ ಮಾಡುವುದು ಇವೆಲ್ಲ ನಕಲಿನ ಇಪ್ಪತ್ತು ಮೂವತ್ತು ಕಡತಗಳನ್ನಾದರೂ ತೆರೆದು ಓದಿ ನೋಡಿದ ಮೇಲಿನ ಮಾತು.