ಮೊಣಕೈಯಲ್ಲಿ ಉಸಿರಾಡುವ ಪೈಪು

ಓದುಗರ ಪತ್ರದ ಸಾರ: ಕಳೆದ ಸಂಚಿಕೆಯ ಸಿನಿಮಾ ಸಂಗೀತದ ಲೇಖನದಲ್ಲಿ ‘ಬ್ರೇವ್‌ಹಾರ್ಟ್’ (1995) ಚಿತ್ರದಲ್ಲಿ ಕೇಳುವುದು ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಎಂದು ಬರೆದಿದ್ದೀರಿ. ತಪ್ಪು. ಅದು ಐರ್ಲೆಂಡಿನ ಇಲ್ಲನ್ ಪೈಪ್. ಸ್ಕಾಟರ ಕಥೆಗೆ ಐರಿಷ್ ವಾದ್ಯ, ಪಕ್ಕದಲ್ಲಿ ಆಂಡಿಸ್ ಪರ್ವತದ ಕೊಳಲು. ಇಂಗ್ಲೆಂಡಿನ ‘ಟೈಟಾನಿಕ್’ ಹಡಗಿಗೂ ಅದೇ ಐರಿಷ್ ಪೈಪು. ‘ಗ್ಲಾಡಿಯೇಟರ್’ ಚಿತ್ರದ ರೋಮನರಿಗೆ ಅರ್ಮೇನಿಯದ ದುದುಕ್ ಎಂಬ ಊದುವಾದ್ಯ. ಇದನ್ನೆಲ್ಲ ನೀವು ‘ಸಮೃದ್ಧ ಬೆರಕೆ’ ಎಂದು ಹೊಗಳುತ್ತೀರಿ. ಮೇಲೆ ‘ಕೆಲ್ಟಿಕ್’, ‘ವರ್ಲ್ಡ್ ಮ್ಯೂಸಿಕ್’ ಎಂಬ ಚೆಂದದ ಹೆಸರು ಬೇರೆ. ನನಗಿದು ಕಲಸುಮೇಲೋಗರ. ಯಾವುದೂ ಯಾರದ್ದೂ ಅಲ್ಲ ಎಂದಾದ ಮೇಲೆ ನಾವು ಕೇಳುತ್ತಿರುವುದಾದರೂ ಏನನ್ನು?
(ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನದು. ಲೇಖಕರು ಕಳಿಸಿದ ಪ್ರತಿಯಲ್ಲಿ ಬರೀ ‘ಪೈಪ್’ ಎಂದಿತ್ತು. ಓದುಗರಿಗೆ ಸ್ಪಷ್ಟವಾಗಲಿ ಅಂತ ‘ಸ್ಕಾಟ್ಲೆಂಡಿನ ಬ್ಯಾಗ್’ ಎಂಬುದನ್ನು ಹಿಂದೆ ಅಂಟಿಸಿದವನು ನಾನು. ಸ್ಪಷ್ಟ ಮಾಡಲು ಹೋಗಿ ಕೆಡಿಸುವುದು ಸಂಪಾದಕರ ಹಳೇ ಚಾಳಿ. ಲೇಖಕರ ಕ್ಷಮೆ ಕೇಳಿದ್ದೇನೆ, ನಿಮ್ಮದನ್ನೂ ಕೇಳುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಇಲ್ಲನ್ ಪೈಪ್ ನುಡಿಸುವುದನ್ನು ಹತ್ತಿರದಿಂದ ತೋರಿಸುವ ವಿಡಿಯೊ ಒಂದನ್ನು ಹುಡುಕಿ ಎರಡು ಸಲ ನೋಡಿದೆ. ನುಡಿಸುವಾಕೆ ಕುರ್ಚಿಯಲ್ಲಿ ಕೂತಿದ್ದಾಳೆ. ಒಂದು ಮೊಣಕೈ ಕೆಳಗೆ ಪುಟ್ಟ ತಿದಿ, ಅದನ್ನು ಸೊಂಟಕ್ಕೂ ತೋಳಿಗೂ ಪಟ್ಟಿಯಿಂದ ಬಿಗಿದಿದೆ. ಇನ್ನೊಂದು ಮೊಣಕೈ ಕೆಳಗೆ ಗಾಳಿಚೀಲ. ಈ ಕೈ ತಿದಿ ಒತ್ತುತ್ತದೆ, ಆ ಕೈ ಚೀಲವನ್ನು ಹದವಾಗಿ ಅದುಮುತ್ತದೆ, ಬಾಯಿಗೆ ಕೆಲಸವೇ ಇಲ್ಲ. ಐರಿಷ್‌ನಲ್ಲಿ ‘ಇಲ್ಲೆ’ ಎಂದರೆ ಮೊಣಕೈ. ಹೆಸರು ಬಂದದ್ದು ಅಲ್ಲಿಂದ. ತೊಡೆಯ ಮೇಲೆ ಅಂಗೈಯಗಲದ ಚರ್ಮದ ತುಂಡು ಹಾಸಿಕೊಂಡಿದ್ದಾಳೆ. ಸ್ವರ ನಿಲ್ಲಬೇಕೆಂದಾಗ ಕೊಳವೆಯ ತುದಿಯನ್ನು ಆ ಚರ್ಮದ ಮೇಲೆ ಊರುತ್ತಾಳೆ, ಬೆರಳುಗಳು ರಂಧ್ರಗಳನ್ನೆಲ್ಲ ಮುಚ್ಚುತ್ತವೆ, ಗಾಳಿಗೆ ದಾರಿಯಿಲ್ಲದೆ ಸದ್ದು ಕಟ್ಟಾಗುತ್ತದೆ. ಮರುಕ್ಷಣ ಬೆರಳೆತ್ತಿದರೆ ಮುಂದಿನ ಸ್ವರ. ಹೀಗೆ ಊರಿ ಎತ್ತಿ, ಊರಿ ಎತ್ತಿ, ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಉದುರಿಸುತ್ತಾಳೆ. ಒಬ್ಬ ಪೈಪರ್ ಆಗಲು ಏಳು ವರ್ಷ ಕಲಿಯಬೇಕು, ಏಳು ವರ್ಷ ಸಾಧನೆ ಮಾಡಬೇಕು, ಏಳು ವರ್ಷ ನುಡಿಸಬೇಕು ಎಂಬ ಮಾತು ಐರ್ಲೆಂಡಿನಲ್ಲಿದೆ. ಆ ತೊಡೆ, ಎರಡು ಮೊಣಕೈ ಮತ್ತು ಹತ್ತು ಬೆರಳು ಒಟ್ಟಿಗೆ ದುಡಿಯುವುದನ್ನು ನೋಡಿದಾಗ ಇಪ್ಪತ್ತೊಂದು ವರ್ಷ ಕಡಿಮೆಯೇ ಆಯಿತೇನೋ ಅನ್ನಿಸಿತು.

ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪ್ ಬೇರೆಯದೇ ಜೀವಿ. ಅದನ್ನು ಬಾಯಿಂದ ಊದಬೇಕು, ನಿಂತು ಇಲ್ಲವೇ ನಡೆಯುತ್ತ, ಬಯಲಿನಲ್ಲಿ. ಇರುವುದು ಒಂಬತ್ತೇ ಸ್ವರ. ಜೋರು, ಮೆಲ್ಲಗೆ ಎಂಬ ಭೇದವಿಲ್ಲ. ನುಡಿಸಲು ಶುರುಮಾಡಿದ ಮೇಲೆ ನಡುವೆ ಮೌನವೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ಹೇಳಬೇಕೆಂದರೆ ನಡುವೆ ಮಿಂಚಿನಂಥ ಅನುಸ್ವರವೊಂದನ್ನು ತೂರಿಸಬೇಕು. ಸಾಲದ್ದಕ್ಕೆ ಅದರ ಶ್ರುತಿ: ಅದು ‘ಎ’ ಎಂದು ಕರೆಯುವ ಸ್ವರ ಆರ್ಕೆಸ್ಟ್ರಾದಲ್ಲಿ ‘ಎ’ಗಿಂತ ಅರ್ಧ ಸ್ವರ ಮೇಲಿನ ಬಿ ಫ್ಲಾಟ್‌ಗಿಂತಲೂ ತುಸು ಮೇಲಿರುತ್ತದೆ. ಪಿಟೀಲುಗಳ ನಡುವೆ ಕೂರಿಸಿದರೆ ಒಂದೋ ಪಿಟೀಲುಗಳು ಶ್ರುತಿ ಬದಲಿಸಬೇಕು, ಇಲ್ಲಾ ಪೈಪು. ಇಬ್ಬರು ಪಿಸುಗುಡುವ ದೃಶ್ಯಕ್ಕೆ ಅದನ್ನು ಬಳಸುವುದೆಂದರೆ ಜೋಗುಳಕ್ಕೆ ನಗಾರಿ ಬಾರಿಸಿದ ಹಾಗೆ. ಇಲ್ಲನ್ ಪೈಪಿಗೆ ಎರಡು ಸ್ಥಾಯಿಯ ಹರಹು ಇದೆ, ಕೋಣೆಯೊಳಗಿನ ದನಿ ಇದೆ, ಆರ್ಕೆಸ್ಟ್ರಾದ ಶ್ರುತಿಗೆ ಹೊಂದುವಂತೆ ಮಾಡಿದ ವಾದ್ಯಗಳು ಸಿಗುತ್ತವೆ. ‘ಬ್ರೇವ್‌ಹಾರ್ಟ್’ಗೆ ಜೇಮ್ಸ್ ಹಾರ್ನರ್ ಬರೆದ ಸಂಗೀತವನ್ನು ಎರಿಕ್ ರಿಗ್ಲರ್ ನುಡಿಸಿದ್ದು ಇದರಲ್ಲಿ. ಆಂಡಿಸ್ ಕೊಳಲು, ಅಂದರೆ ಕೇನಾ, ಅದನ್ನು ಊದಿದವರು ಟೋನಿ ಹಿನ್ನಿಗನ್. ನೀವು ಹೇಳಿದ್ದು ಅಕ್ಷರಶಃ ಸರಿ.

ಆದರೆ ಒಂದು ತಂಟೆ ತೆಗೆಯುತ್ತೇನೆ. ಆ ಚಿತ್ರದ ನಾಯಕ, ಸ್ಕಾಟರ ವಿಲಿಯಂ ವಾಲೇಸ್, ಸತ್ತದ್ದು 1305ರಲ್ಲಿ. ಇಲ್ಲನ್ ಪೈಪ್ ಈಗಿನ ರೂಪಕ್ಕೆ ಬರತೊಡಗಿದ್ದು ಹದಿನೆಂಟನೇ ಶತಮಾನದಲ್ಲಿ. ಊರು ತಪ್ಪಿದ್ದಷ್ಟೇ ಅಲ್ಲ, ನಾನೂರು ವರ್ಷವೂ ತಪ್ಪಿದೆ. ಅದಿರಲಿ, ಆ ಚಿತ್ರದ ಸಂಗೀತದಲ್ಲಿ ಅತಿ ಹೆಚ್ಚು ಹೊತ್ತು ಕೇಳುವುದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಅದು ಹುಟ್ಟಿದ್ದು 1904ರಲ್ಲಿ, ಅದೂ ವಾಲೇಸನನ್ನು ಕೊಂದ ಊರಲ್ಲಿ. ಅದು ಅಲ್ಲೇನು ಮಾಡುತ್ತಿತ್ತು ಎಂದು ನೀವು ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಪಿಟೀಲುಗಳ ರಾಶಿ ನಮಗೆ ಯಾವ ಊರಿನದ್ದೂ ಅಲ್ಲ, ಗಾಳಿಯಂತೆ ಎಲ್ಲೆಲ್ಲೂ ಇರುವಂಥದ್ದು. ಪೈಪು, ಕೇನಾ, ದುದುಕ್ ಮಾತ್ರ ಪಾಸ್‌ಪೋರ್ಟ್ ತೋರಿಸಬೇಕು. ಈ ಲೆಕ್ಕ ನನಗೆ ಸರಿಯಾಗಿ ಕಾಣುವುದಿಲ್ಲ.

ಇನ್ನು ‘ಯಾರದ್ದು’ ಎಂಬ ಪ್ರಶ್ನೆ. ಮಂಜು ಕವಿದ ಬೆಟ್ಟ ತೆರೆಯ ಮೇಲೆ ಬಂದ ಕೂಡಲೇ ಉಸಿರು ತುಂಬಿದ ಗಂಭೀರ ಕೊಳಲೊಂದು ಕೇಳುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಸಾವಿರ ವರ್ಷದ ಕೆಲ್ಟಿಕ್ ಆತ್ಮವೇ ಉಸಿರಾಡಿದ ಹಾಗಿರುತ್ತದೆ. ಆ ‘ಲೋ ವಿಸಿಲ್’ 1971ರದ್ದು! ಬರ್ನಾರ್ಡ್ ಓವರ್‌ಟನ್ ಎಂಬ ಇಂಗ್ಲಿಷಿನವನು ಐರಿಷ್ ವಾದಕ ಫಿನ್‌ಬರ್ ಫ್ಯೂರಿಗಾಗಿ ಲೋಹದ ಕೊಳವೆಯಲ್ಲಿ ಮಾಡಿಕೊಟ್ಟದ್ದು. ಅದರ ತಂಗಿ ಟಿನ್ ವಿಸಿಲ್ ಕಾರ್ಖಾನೆಯ ಸರಕಾದದ್ದೂ ಇಂಗ್ಲೆಂಡಿನಲ್ಲೇ. ರಾಬರ್ಟ್ ಕ್ಲಾರ್ಕ್ ತಗಡು ಸುತ್ತಿ ಮಾಡಲು ಶುರುಮಾಡಿದ್ದು 1843ರಲ್ಲಿ. ಐರಿಷ್ ಹಾಡಿಗೆ ಜಲಜಲನೆ ಜೊತೆಗೊಡುವ ಬೂಝೂಕಿ ಗ್ರೀಸಿನದು, ಬಂದದ್ದು 1960ರ ದಶಕದಲ್ಲಿ. ಬಂದ ಕೆಲವೇ ವರ್ಷಗಳಲ್ಲಿ ಅದರ ಉಬ್ಬು ಬೆನ್ನನ್ನು ಚಪ್ಪಟೆ ಮಾಡಿ, ತಂತಿಗಳ ಶ್ರುತಿ ಬದಲಿಸಿ, ‘ಐರಿಷ್ ಬೂಝೂಕಿ’ ಎಂದು ಕರೆದುಕೊಂಡರು. ಈಗ ಅದಿಲ್ಲದ ಐರಿಷ್ ಗೋಷ್ಠಿ ಬರಿದೆನಿಸುತ್ತದೆ.

ಹಾಡುಗಳ ಕಥೆಯೂ ಹೀಗೇ. ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ (1992) ಚಿತ್ರದ ಕೊನೆಯಲ್ಲಿ ಬಂಡೆಯಂಚಿನ ದೃಶ್ಯದುದ್ದಕ್ಕೂ ಒಂದೇ ಮಟ್ಟು ಸುತ್ತಿ ಸುತ್ತಿ ಬರುತ್ತದೆ. ಅಜ್ಜಂದಿರ ಕಾಲದ ಜನಪದ ಧಾಟಿ ಎಂದು ಬಹಳ ದಿನ ನಂಬಿದ್ದೆ. ಬರೆದವರು ಸ್ಕಾಟ್ಲೆಂಡಿನ ಡೂಗಿ ಮಕ್ಲೀನ್, ಅದು ಬಂದದ್ದು 1990ರ ಅವರ ಆಲ್ಬಮ್‌ನಲ್ಲಿ. ಸ್ಟ್ಯಾನ್ಲಿ ಕೂಬ್ರಿಕ್ ‘ಬ್ಯಾರಿ ಲಿಂಡನ್’ (1975) ಮಾಡುವಾಗ ಹದಿನೆಂಟನೇ ಶತಮಾನಕ್ಕೆ ಎಷ್ಟು ನಿಷ್ಠರಾಗಿದ್ದರೆಂದರೆ ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಲ್ಲೇ ಚಿತ್ರೀಕರಿಸಿದರು. ಅದೇ ಚಿತ್ರದಲ್ಲಿ ಚೀಫ್‌ಟನ್ಸ್ ಎಂಬ ಐರಿಷ್ ಜನಪದ ಸಂಗೀತದ ತಂಡ ನುಡಿಸಿದ, ‘ಐರ್ಲೆಂಡಿನ ಹೆಂಗಸರು’ ಎಂಬರ್ಥದ ಹಾಡಿನ ಸಾಹಿತ್ಯ ಆ ಶತಮಾನದ್ದು ಹೌದು; ಧಾಟಿ ಮಾತ್ರ 1971ರಲ್ಲಿ ತೀರಿಕೊಂಡ ಐರಿಷ್ ಸಂಗೀತ ಸಂಯೋಜಕ ಶಾನ್ ಓ ರಿಯಾಡ ಅವರದು.

ಓ ರಿಯಾಡ ಹೆಸರು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1959ರಲ್ಲಿ ‘ಮಿಷ ಏರ’ ಎಂಬ ಸಾಕ್ಷ್ಯಚಿತ್ರಕ್ಕೆ ಅವರು ಸಂಗೀತ ಕೊಟ್ಟರು. ಹಳೆಯ ಸುದ್ದಿಚಿತ್ರಗಳ ತುಣುಕುಗಳಿಂದ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟವನ್ನು ಕಟ್ಟಿಕೊಟ್ಟ ಚಿತ್ರವದು. ‘ರೋಷೀನ್ ದೂವ್’ ಎಂಬ ಹಳೆಯ ಹಾಡಿನ ಧಾಟಿಯನ್ನು ಅವರು ಪೈಪಿಗೆ ಕೊಡಲಿಲ್ಲ, ಪಿಟೀಲಿನ ಜನಪದ ವಾದಕರಿಗೂ ಕೊಡಲಿಲ್ಲ. ಆರ್ಕೆಸ್ಟ್ರಾದ ಫ್ರೆಂಚ್ ಹಾರ್ನ್‌ಗೆ ಕೊಟ್ಟರು. ಹೆಸರಲ್ಲೇ ಫ್ರಾನ್ಸ್ ಇರುವ ಹಿತ್ತಾಳೆ ವಾದ್ಯ! ಅದನ್ನು ಕೇಳಿ ಐರಿಷ್ ಜನ ಇದು ನಮ್ಮದು ಎಂದರು. ಒಂದೆರಡು ವರ್ಷದಲ್ಲೇ ಓ ರಿಯಾಡ ಜನಪದ ವಾದಕರದೇ ತಂಡ ಕಟ್ಟಿದರು, ಆ ತಂಡದವರಿಂದಲೇ 1962ರಲ್ಲಿ ಚೀಫ್‌ಟನ್ಸ್ ಹುಟ್ಟಿತು. ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಆ ಹಾರ್ನ್‌ನಿಂದ ಎನ್ನುತ್ತೇನೆ. ಧಾಟಿಯ ತಿರುವು, ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬ ನಡೆ, ಅದು ಉಳಿದರೆ ಹಿತ್ತಾಳೆಯಲ್ಲೂ ಊರು ಕೇಳುತ್ತದೆ.

ಹಾಗಾದರೆ ನಿಮ್ಮ ಸಿಟ್ಟು ಬರೀ ಗಾಳಿಗುದ್ದೇ? ಅಲ್ಲ. ದುದುಕ್ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ದುದುಕ್ ಎಂದರೆ ಏಪ್ರಿಕಾಟ್ ಮರದ ಗಿಡ್ಡ ಕೊಳವೆ, ತುದಿಗೆ ಅಗಲವಾದ ಜೋಡಿ ಪೀಪಿ. ಹರಹು ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೆ. ದನಿ ಮಾತ್ರ ಮನುಷ್ಯ ಗಂಟಲು ಕಟ್ಟಿಕೊಂಡು ಮಾತಾಡಿದ ಹಾಗೆ. ಅರ್ಮೇನಿಯದಲ್ಲಿ ಅದನ್ನು ಇಬ್ಬರು ನುಡಿಸುತ್ತಾರೆ. ಒಬ್ಬರದು ಧಾಟಿ, ಇನ್ನೊಬ್ಬರದು ‘ದಮ್’, ಅಂದರೆ ಉಸಿರು ಕಡಿಯದೆ ಹಿಡಿದ ಆಧಾರ ಸ್ವರ. ‘ಗ್ಲಾಡಿಯೇಟರ್’ (2000) ಚಿತ್ರದಲ್ಲಿ ಹಾನ್ಸ್ ಝಿಮ್ಮರ್ ಮತ್ತು ಲೀಸಾ ಜೆರಾರ್ಡ್ ಅವರ ಸಂಗೀತಕ್ಕೆ ದುದುಕ್ ನುಡಿಸಿದವರು ಜಿವಾನ್ ಗಸ್ಪರ್ಯಾನ್. ಆ ವಾದ್ಯದ ದೊಡ್ಡ ಗುರು. ಅವರು ಊದಿದ್ದು ನನಗೆ ಈಗಲೂ ಇಷ್ಟ. ಕೆಟ್ಟದ್ದು ಆಮೇಲೆ ಬಂದದ್ದು. ಮರಳುಗಾಡು ಕಂಡರೆ ದುದುಕ್, ಪಾಳುಬಿದ್ದ ಗೋಡೆ ಕಂಡರೆ ದುದುಕ್, ಅನ್ಯಗ್ರಹದ ದುಃಖಕ್ಕೂ ದುದುಕ್. ಎರಡು ಸ್ವರ ಎಳೆದುಬಿಟ್ಟರೆ ‘ಪ್ರಾಚೀನ’ ಎಂದಾಯಿತು. ದಮ್ ಹಿಡಿಯುತ್ತಿದ್ದ ಎರಡನೆಯವರ ಜಾಗಕ್ಕೆ ಸಿಂಥಸೈಸರ್ ಬಂತು. ಮದುವೆಗೂ ಸಾವಿಗೂ ನುಡಿಯುವ ವಾದ್ಯಕ್ಕೆ ಸಿನಿಮಾದಲ್ಲಿ ನಗುವುದಕ್ಕೇ ಬಿಡಲಿಲ್ಲ.

ನನ್ನ ತಕರಾರು ಇಷ್ಟು: ವಾದ್ಯ ಬೇರೆ ಊರಿನದ್ದಾಗಿರಲಿ. ಅದಕ್ಕೆ ಒಂದು ಪೂರ್ತಿ ಮಾತಾಡಲು ಬಿಟ್ಟಿದ್ದಾರೋ, ಇಲ್ಲಾ ಊದುಬತ್ತಿಯ ಹಾಗೆ ಮೂಲೆಯಲ್ಲಿ ಹಚ್ಚಿಟ್ಟಿದ್ದಾರೋ ಎಂಬುದನ್ನು ನಾನು ನೋಡುತ್ತೇನೆ. ಆಮೇಲೆ ಹೆಸರು ಹಾಕಿದ್ದಾರೋ ಇಲ್ಲವೋ ಎಂಬುದನ್ನು.

ಹೆಸರು ಹಾಕುವುದರಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಮಾಡಿದ್ದನ್ನು ನೆನೆಯಬೇಕು. ಮಾರ್ಟಿನ್ ಸ್ಕಾರ್ಸೇಸಿಯವರ ‘ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ (1988) ಚಿತ್ರದ ಅವರ ಸಂಗೀತ 1989ರಲ್ಲಿ ‘ಪ್ಯಾಷನ್’ ಎಂಬ ಹೆಸರಿನಲ್ಲಿ ಹೊರಬಂತು. ಬೆರಕೆ ಎಂದರೆ ಇದು. ಅರ್ಮೇನಿಯದ ದುದುಕ್ ಮೇಲೆ ಎಲ್. ಶಂಕರ್ ಅವರ ಎರಡು ಕತ್ತಿನ ಪಿಟೀಲು ಹತ್ತಿ ಇಳಿಯುತ್ತದೆ. ಇನ್ನೊಂದು ಕಡೆ ನುಸ್ರತ್ ಫತೇ ಅಲಿ ಖಾನ್, ಸೆನೆಗಲ್‌ನ ಯೂಸು ಎನ್‌ದೂರ್ ಮತ್ತು ಎಳೆಯ ಗಂಟಲಿನ ಚರ್ಚ್ ಗಾಯಕ ಒಂದೇ ರಚನೆಯಲ್ಲಿ ಸೇರುತ್ತಾರೆ. ಅದಾದ ಮೇಲೆ ಗೇಬ್ರಿಯಲ್ ಇನ್ನೊಂದು ಸಂಗೀತದ ತಟ್ಟೆ ಹೊರತಂದರು: ‘ಪ್ಯಾಷನ್ ಸೋರ್ಸಸ್’. ತಾವು ಯಾರ್‍ಯಾರನ್ನು ಕೇಳಿ ಈ ಸಂಗೀತ ಮಾಡಿದೆವೋ ಆ ವಾದಕರ, ಆ ದೇಶಗಳ ಮೂಲ ಧ್ವನಿಮುದ್ರಣಗಳು, ಗೇಬ್ರಿಯಲ್ ಸ್ವರ ಒಂದೂ ಇಲ್ಲದೆ. ಸಾಲ ತಂದವನೇ ಸಾಲ ಕೊಟ್ಟವರ ಪಟ್ಟಿಯನ್ನು ಬೀದಿಯಲ್ಲಿ ಓದಿದ ಹಾಗೆ. ಪ್ರತಿ ಸೌಂಡ್‌ಟ್ರ್ಯಾಕಿಗೂ ಇಂಥದ್ದೊಂದು ಜೋಡಿ ತಟ್ಟೆ ಇದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ನಾನೂ ‘ಸ್ಕಾಟ್ಲೆಂಡಿನ’ ಎಂದು ಸೇರಿಸುತ್ತಿರಲಿಲ್ಲ.

‘ಕೆಲ್ಟಿಕ್’, ‘ವರ್ಲ್ಡ್ ಮ್ಯೂಸಿಕ್’ ಎಂಬ ಪದಗಳ ಬಗ್ಗೆಯೂ ಮೂದಲಿಸಿದ್ದೀರಿ. ಮೂದಲಿಸಿ, ಅಡ್ಡಿಯಿಲ್ಲ. ಮೊದಲನೆಯದು ಭಾಷಾಶಾಸ್ತ್ರಜ್ಞರ ಪದ. ವೆಲ್ಷ್, ಬ್ರೆಟನ್, ಐರಿಷ್ ಮುಂತಾದವು ಒಂದೇ ಬಳಗದವು ಎಂದು ಎಡ್ವರ್ಡ್ ಲ್ವಿಡ್ 1707ರಲ್ಲಿ ತೋರಿಸಿದರು. ಸಂಗೀತಕ್ಕೆ ಅದು ಅಂಟಿಕೊಂಡದ್ದು ಬಹಳ ತಡವಾಗಿ, 1970ರ ದಶಕದಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಹಾರ್ಪ್ ವಾದಕ ಅಲನ್ ಸ್ಟಿವೆಲ್ ಅಂಥವರಿಂದ. ಎರಡನೆಯದು ಅಂಗಡಿಯವರ ಪದ. 1987ರಲ್ಲಿ ಲಂಡನ್ನಿನ ಪಬ್ ಒಂದರಲ್ಲಿ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿ, ತಮ್ಮ ತಟ್ಟೆಗಳನ್ನು ಅಂಗಡಿಯಲ್ಲಿ ಯಾವ ಕಪಾಟಿನಲ್ಲಿ ಇಡುವುದೆಂಬ ಗೋಜಲಿಗೆ ಪರಿಹಾರವಾಗಿ ಆ ಚೀಟಿ ಅಂಟಿಸಿದರು. 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರು ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಎಂದರು. ಎರಡರ ನಡುವೆ ವ್ಯತ್ಯಾಸ ಕಂಡರೆ ನನಗೂ ತಿಳಿಸಿ.

ಕೊನೆಗೆ ನಿಮ್ಮ ಹಡಗು. ಇಂಗ್ಲೆಂಡಿನ ಟೈಟಾನಿಕ್‌ನಲ್ಲಿ ಐರಿಷ್ ಪೈಪಿಗೇನು ಕೆಲಸ ಎಂದಿದ್ದೀರಿ. ಹಡಗು ಕಟ್ಟಿದ್ದು ಬೆಲ್‌ಫಾಸ್ಟಿನಲ್ಲಿ. ಕೊನೆಯದಾಗಿ ಲಂಗರು ಹಾಕಿದ್ದು ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿ, 1912ರ ಏಪ್ರಿಲ್ 11ರಂದು. ಅಲ್ಲಿ ಮೂರನೇ ದರ್ಜೆಗೆ ಹತ್ತಿದವರಲ್ಲಿ ಯೂಜೀನ್ ಡೇಲಿ ಎಂಬ ಯುವಕನಿದ್ದ, ಪೈಪರ್. ಹಡಗು ದಡ ಬಿಡುವಾಗ ಅವನು ಡೆಕ್ಕಿನ ಮೇಲೆ ನಿಂತು, ಊರು ಕಾಣುವಷ್ಟು ಹೊತ್ತು, ಐರ್ಲೆಂಡಿನ ಶೋಕದ ಧಾಟಿಯೊಂದನ್ನು ನುಡಿಸಿದ. 1997ರ ಚಿತ್ರಕ್ಕೆ ಪೈಪಿನ ಸಂಗೀತ ಬರೆದ ಹಾರ್ನರ್ ಅವನನ್ನೇ ನೆನೆದು ಬರೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹಡಗಿನಲ್ಲಿ ಪೈಪು ಹೊರಗಿನದಲ್ಲ, ಟಿಕೆಟ್ ತೆಗೆದುಕೊಂಡೇ ಹತ್ತಿದ್ದು.

ಡೇಲಿ ಬದುಕಿ ಉಳಿದ, ಅವನ ಪೈಪು ಮುಳುಗಿತು. ಆಮೇಲೆ ಹಡಗು ಕಂಪನಿಯಿಂದ ಪರಿಹಾರ ಕೇಳಿದಾಗ ಅದನ್ನೂ ಸೇರಿಸಿದ: ಬ್ಯಾಗ್‌ಪೈಪ್ ಒಂದು ಜೊತೆ, 50 ಡಾಲರ್.

ತಿದ್ದುಪಡಿ ಇದೇ ಪುಟದ ಕೆಳಗಿದೆ.

– ಸಂ.